ಹುಣಸೆತೋಪಿನ ಗುಟ್ಟು

ಊರ ಹುಣಸೆತೋಪು ಕಾಯುತ್ತಿದ್ದವಳು ಒಬ್ಬ ಹೆಂಗಸು. ಯಾವ ಮರದಲ್ಲಿ ಎಷ್ಟು ಹಣ್ಣಿದೆ ಎಂಬುದು ಅವಳೊಬ್ಬಳಿಗೇ ಗೊತ್ತು. ಹರಾಜಿಗೆ ಬರುವವರೆಲ್ಲ ಅಂದಾಜಿನ ಮೇಲೆ ಹೆದರಿ ಹೆದರಿ ಕೂಗುವವರು.

ಹರಾಜಿನ ಬೆಳಿಗ್ಗೆ ರುದ್ರಮುನಿ ಸಾಹುಕಾರ ಅವಳನ್ನು ತಡೆದ.

“ಫಸಲೆಷ್ಟು ಅಂತ ನನಗೊಬ್ಬನಿಗೇ ಹೇಳು. ಬೇರೆಯವರ ಹತ್ತಿರ ಬಾಯಿ ಬಿಟ್ಟೆಯೋ, ನಿನ್ನ ಕಾವಲು ಕೆಲಸ ಇವತ್ತಿಗೇ ಮುಗೀತು!”

“ಆಗಲಿ ಸಾಹುಕಾರ್ರೇ. ಇನ್ನೊಂದ್ಸಲ ಮರ ನೋಡ್ಕೊಂಡು ಬಂದು ನಿಮಗೊಬ್ಬರಿಗೇ ಹೇಳ್ತೀನಿ.”

ಹರಾಜಿಗೆ ಜನ ಸೇರಿತು. ಆಗ ಅವಳು ಎಲ್ಲರ ನಡುವೆ ನಡೆದುಬಂದು, ಸಾಹುಕಾರನ ಕಿವಿಯಲ್ಲಿ ನಿಜವನ್ನೇ ಪಿಸುಗುಟ್ಟಿದಳು: “ಮೂವತ್ತು ಗಾಡಿ.” ಅವನ ಮುಖ ಊರಗಲವಾಯಿತು. ಇಡೀ ಸಭೆ ಅದನ್ನು ನೋಡಿತು.

ಸಾಹುಕಾರ ಒಂದು ಬೆಲೆ ಕೂಗಿದ. ಉಳಿದವರು ಅದರ ಮೇಲೆ ಕೂಗಿದರು. ಅವನು ಏರಿಸಿದಷ್ಟೂ ಅವರಿಗೆ ಧೈರ್ಯ ಬಂತು. “ಗೊತ್ತಿರೋನೇ ಬಿಡ್ತಿಲ್ಲ, ನಾವ್ಯಾಕೆ ಬಿಡೋಣ?” ಕೊನೆಗೆ ತೋಪು ಹೋದ ವರ್ಷದ ಮೂರು ಪಟ್ಟು ಬೆಲೆಗೆ ಬೇರೊಬ್ಬನ ಪಾಲಾಯಿತು.

ಪಂಚಾಯಿತಿ ಅಧ್ಯಕ್ಷರು ಹಿಗ್ಗಿ, “ಮುಂದಿನ ವರ್ಷವೂ ಕಾವಲು ನಿನ್ನದೇ ಕಣಮ್ಮ” ಎಂದರು.

ಸಾಹುಕಾರ ಅವಳ ಬಳಿ ಬಂದು ಹಲ್ಲು ಕಡಿದ. “ಗುಟ್ಟು ರಟ್ಟು ಮಾಡಿದೆಯಲ್ಲೇ!”

“ದೇವರಾಣೆ ನಾನು ನಿಮಗೊಬ್ಬರಿಗೇ ಹೇಳಿದ್ದು ಸಾಹುಕಾರ್ರೇ” ಎಂದಳು ಅವಳು. “ಊರಿಗೆಲ್ಲ ಕೂಗಿ ಹೇಳಿದವರು ನೀವು.”