ಕಿಟಕಿಯಾಚೆಗಿನ ಕೊಳವೆ

ಹೊತ್ತು: ಸೂರ್ಯೋದಯವಾಗಿ ಎರಡು ಗಳಿಗೆ. ಹವೆ: ನಿರ್ಮಲ, ಹೊಳೆಯ ಮೇಲೆ ಒಣಗಾಳಿ. ಉಪಸ್ಥಿತರು: ಆಶ್ರಮದ ಗುರು ನಿರ್ವಾಣಯ್ಯ, ಶಿಷ್ಯ ವಾಮದೇವ, ಸುಣ್ಣದ ಗೂಡಿನ ಯಜಮಾನ ಚಿಕ್ಕತಮ್ಮಯ್ಯ.

ಹೊಳೆಯ ದಡದಲ್ಲಿ ಎರಡನೆಯ ಗೂಡಿಗೆ ಬೆಂಕಿಯಿಡಬೇಕೆಂಬುದು ಯಜಮಾನನ ಬಯಕೆ. ಊರವರು ಒಂದು ನಿಬಂಧನೆ ಹಾಕಿದ್ದರು: ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡಲಾಗುವುದೆಂದು ಗುರುಗಳು ಸಹಿ ಹಾಕಿ ಕೊಡಬೇಕು.

ವಾಮದೇವ ತಾನು ಬರೆದ ಪತ್ರವನ್ನು ಗುರುಗಳ ಮುಂದಿಟ್ಟ. ಪಕ್ಕದಲ್ಲಿ ಗಾಜಿನ ನಳಿಗೆ; ಅದರ ತುಂಬ ಜಿಯೋಲೈಟ್ ಎಂಬ ಖನಿಜದ ಮಣಿಗಳು.

"ಈ ಮಣಿಗಳ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ, ಗುರುಗಳೇ. ಗೂಡಿನ ಹೊಗೆಯನ್ನು ತಣಿಸಿ, ಒಣಗಿಸಿ ಹಾಯಿಸಿದೆ. ಡೈಆಕ್ಸೈಡ್ ರಂಧ್ರಗಳಲ್ಲಿ ಉಳಿಯಿತು. ಹೀಗೆ ನಲವತ್ತು ಬಾರಿ ಹಿಡಿದಿದ್ದೇನೆ."

"ಇದೇ ಮಣಿಗಳಲ್ಲಿ?"

"ಇವೇ. ಒಂದನ್ನೂ ಬದಲಿಸಿಲ್ಲ." ದನಿಯಲ್ಲಿ ಹೆಮ್ಮೆಯಿತ್ತು.

"ಮೊದಲ ಬಾರಿಗೇ ತುಂಬಿದ ಮಣಿಯಲ್ಲಿ ಎರಡನೆಯ ಬಾರಿಗೆ ಸ್ಥಳ ಎಲ್ಲಿಂದ ಬಂತು?"

"ಕಾಯಿಸಿದೆ. ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತವೆ."

"ಬಿಟ್ಟುಕೊಟ್ಟದ್ದು ಎಲ್ಲಿದೆ?"

ವಾಮದೇವ ಕಿಟಕಿಯತ್ತ ನೋಡಿದ. ನಳಿಗೆಯಿಂದ ಹೊರಟ ರಬ್ಬರ್ ಕೊಳವೆ ಕಿಟಕಿಯಾಚೆಗೆ ತೂಗುತ್ತಿತ್ತು.

ಚಿಕ್ಕತಮ್ಮಯ್ಯ ನಕ್ಕ. "ಆಕಾಶ ಏನ್ ಚಿಕ್ಕದಾ, ಬುದ್ಧಿ? ಒಂದು ಸಹಿ ಹಾಕಿ. ಗೂಡಿಗೆ ಕಲ್ಲು ತುಂಬಿಸಿ ಮೂರು ದಿನ ಆಯ್ತು."

"ನೀವು ಸುಮ್ಮನೆ ಕೂರಿ," ಎಂದರು ಗುರುಗಳು.

ಗುರುಗಳು ಕೊಳವೆಯನ್ನು ಒಳಗೆಳೆದರು. ಅದರ ತುದಿಯನ್ನು ಬಟ್ಟಲಿನಲ್ಲಿದ್ದ ಸುಣ್ಣದ ತಿಳಿನೀರಿನಲ್ಲಿ ಮುಳುಗಿಸಿದರು.

"ಮಣಿಗಳು ಈಗ ತುಂಬಿವೆಯೇ?"

"ತುಂಬಿವೆ."

"ಕಾಯಿಸು."

ವಾಮದೇವ ನಳಿಗೆಯ ಕೆಳಗೆ ಸ್ಪಿರಿಟ್ ದೀಪ ಹಚ್ಚಿದ. ಗುಳ್ಳೆಗಳೆದ್ದವು. ತಿಳಿನೀರು ಮಜ್ಜಿಗೆಯಂತೆ ಬೆಳ್ಳಗಾಯಿತು.

"ಏನಿದು?"

"ಡೈಆಕ್ಸೈಡ್."

"ಯಾವ ಗೂಡಿನದು?"

"ಇವರದೇ." ಶಿಷ್ಯ ತಲೆ ತಗ್ಗಿಸಿದ, ಮರುಕ್ಷಣ ಎತ್ತಿದ. "ನಾನು ಪರೀಕ್ಷಿಸಿದ್ದು ಮಣಿಗಳ ಶಕ್ತಿಯನ್ನು. ನಲವತ್ತು ಬಾರಿಯಾದರೂ ಅವು ಸೋತಿಲ್ಲ. ಅದು ಸುಳ್ಳಲ್ಲ, ಗುರುಗಳೇ."

"ಅಲ್ಲ. ಮಣಿಗಳು ತಮ್ಮ ಕೆಲಸವನ್ನು ಲೋಪವಿಲ್ಲದೆ ಮಾಡಿವೆ. ನೀನು ಬರೆದದ್ದನ್ನು ಗಟ್ಟಿಯಾಗಿ ಓದು."

"'ಗೂಡಿನ ಡೈಆಕ್ಸೈಡ್ ಇನ್ನು ಬಯಲ ಗಾಳಿ ಸೇರದು.'"

"ಸೇರುವುದನ್ನು ನಲವತ್ತು ಬಾರಿ ಕಂಡು ಬರೆದೆಯಾ?"

"ಬಿಟ್ಟದ್ದನ್ನು ಕೂಡಿಡಲು ನಮ್ಮಲ್ಲಿ ಏನೂ ಇರಲಿಲ್ಲ..."

"ಇರಲಿಲ್ಲವೆಂದು ಬರೆಯಬೇಕಿತ್ತು!" ಗುರುಗಳ ಕೈ ಮಣೆಯನ್ನು ಬಡಿಯಿತು. "ಊರವರು ನಿನ್ನ ಮಣಿಗಳನ್ನು ಕಂಡಿಲ್ಲ. ನಿನ್ನ ಅಕ್ಷರವನ್ನು ನಂಬಿದ್ದಾರೆ. ನಾಚಿಕೆಯಾಗಬೇಕು ನಿನಗೆ!"



"ಹಂಗಾದ್ರೆ ಸಹಿ ಇಲ್ವಾ, ಬುದ್ಧಿ?" ಎಂದ ಚಿಕ್ಕತಮ್ಮಯ್ಯ.

ಗುರುಗಳು ಪತ್ರದ ಸಾಲನ್ನು ಹೊಡೆದುಹಾಕಿದರು. ಲೇಖನಿಯನ್ನು ಶಿಷ್ಯನ ಕೈಗಿತ್ತರು.

"ಇದೆ. ವಾಮದೇವ, ಬರೆ: 'ಮೊದಲು ಗೂಡಿನ ಬಾಯಿಂದ ಹೋಗುತ್ತಿದ್ದುದು ಈಗ ನಮ್ಮ ಆಶ್ರಮದ ಕಿಟಕಿಯಿಂದ ಹೋಗುತ್ತಿದೆ.' ಅದಕ್ಕೆ ಸಹಿ ಹಾಕುತ್ತೇನೆ."