ಮೊದಲು ಯಾರು ಹಾಡಬೇಕು

ಒಂದು ಹೊಳೆ, ದಂಡೆಯ ಮೇಲೊಂದು ಮಠ. ಹೊಳೆಯ ಹೆಸರು ಹೇಳಿದರೆ ಆಚೆ ದಂಡೆಯವರು ತಕರಾರಿಗೆ ಬರುತ್ತಾರೆ. ಅದಕ್ಕೆ ಬರೀ ಹೊಳೆ ಎಂದಿಟ್ಟುಕೊಳ್ಳಿ.

ಬೇಸಿಗೆಯಲ್ಲಿ ನೀರು ಇಳಿದು ಮರಳು ತೆರೆದುಕೊಂಡಾಗ ಅಲ್ಲಿ ಸಂಗೀತೋತ್ಸವ. ಹಗಲಿಡೀ ಬಿಸಿಲಲ್ಲಿ ಬೆಂದ ಮಂದಿ ಸಂಜೆ ಬಂದು ಹಸಿ ಮರಳಿನ ಮೇಲೆ ಮೈಚಾಚಿ ಮಲಗಿಯೇ ಹಾಡು ಕೇಳುವರು. ಹಾಡು ಹಿಡಿಸಿದರೆ ಎದ್ದು ಕೂರುವರು. ಅಲ್ಲಿಯ ಚಪ್ಪಾಳೆ ಅದೇ.

ಮಂದಿಯನ್ನು ಎಬ್ಬಿಸಿ ಕೂರಿಸಿದ ಗಾಯಕನನ್ನು ಸುತ್ತಲಿನ ಊರುಗಳವರು ಹಾಡಲು ಕರೆಯುತ್ತಿದ್ದರು. ಎಬ್ಬಿಸದವನನ್ನೂ ಕರೆಯುತ್ತಿದ್ದರು, ಊಟಕ್ಕೆ.

ಮಠದಲ್ಲಿ ಸಂಗೀತ ಕಲಿಸುತ್ತಿದ್ದವರು ಅಡಿವೆಯ್ಯ ಗುರುಗಳು. ಶಿಷ್ಯರಿಗೆಲ್ಲ ಅವರು ಅಜ್ಜಾರು. ಹಿಂದೊಮ್ಮೆ ಕಾಯಿಲೆ ಬಿದ್ದಾಗ ಅವರ ಧ್ವನಿ ಒಡೆದಿತ್ತು. ಆಮೇಲೆ ಜನರೆದುರು ಹಾಡಿದವರಲ್ಲ. ಪಾಠದಲ್ಲಿ ಮೇಲಿನ ಸ್ವರ ಬಂದಾಗ ಸುಮ್ಮನೆ ಕೈ ಎತ್ತುವರು. ಶಿಷ್ಯರು ಆ ಕೈ ನೋಡಿ ಸ್ವರ ಹಿಡಿಯುವರು.

ಶಿಷ್ಯ ಫಕೀರೇಶ ಆ ವರ್ಷ ಮೊದಲ ಸಲ ಉತ್ಸವದಲ್ಲಿ ಹಾಡುವವನಿದ್ದ. ಅಲ್ಲಿಯವರೆಗೆ ಬಂದ ಬಂದ ಗಾಯಕರ ಹಿಂದೆ ಕೂತು ತಂಬೂರಿ ಮೀಟಿದ್ದ. ಈ ಸಲ ಮಂದಿ ಎದ್ದು ಕೂರದಿದ್ದರೆ ಜೀವನವಿಡೀ ತಂಬೂರಿಯೇ ಗತಿ ಎಂಬುದು ಅವನ ಲೆಕ್ಕ.

ಯಾವ ಸಂಜೆ ಯಾರು, ಯಾರ ನಂತರ ಯಾರು ಎಂದು ಗೊತ್ತು ಮಾಡುವವರು ಗುರುಗಳೇ. ಅವರು ಬಾಯಿ ಬಿಡುತ್ತಿರಲಿಲ್ಲ.

ಫಕೀರೇಶ ಕಾದ. ಗಂಟಲಿಗೆ ಗಾಳಿ ತಾಗದಿರಲೆಂದು ಆ ಬಿಸಿಲಲ್ಲೂ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಕಾದ. ಜ್ಯೇಷ್ಠಮಧು ಕಚ್ಚಿಕೊಂಡು ಕಾದ. ಸಂಜೆಯ ರಾಗ ಪೂರಿಯಾ ಒಂದನ್ನೇ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಹೊಳಪಿಗೆ ತಂದಿದ್ದ.

"ಅಜ್ಜಾರ, ಕಾರ್ಯಕ್ರಮ ಆತೇನ್ರಿ?"

"ಯಾತರದು?"

"ಉತ್ಸವದ್ದರಿ."

"ಹೊಳಿ ಇನ್ನೂ ಇಳಿದಿಲ್ಲ. ಅಲ್ಲೀತನಕ ಈಜು."

ಮರುದಿನ ಮತ್ತೆ ಬಂದ.

"ನನ್ನ ಹೆಸರು ಎಲ್ಲೈತ್ರಿ ಅಜ್ಜಾರ?"

"ನಿಮ್ಮವ್ವ ಎಲ್ಲಿಟ್ಟಿದ್ಲೋ ಅಲ್ಲೇ ಐತಿ."

ಹೀಗೇ ಬಂದು ಬಂದು ಹೋಗುತ್ತಿದ್ದವನನ್ನು ಒಂದು ದಿನ ಗುರುಗಳೇ ಕೂರಿಸಿಕೊಂಡರು.

"ಯಾರ ಆದಮ್ಯಾಲೆ ಹಾಡಬೇಕಂತ ನಿನಗ ಆಸೆ? ಖರೇ ಹೇಳು."

ಫಕೀರೇಶ ಮಫ್ಲರಿನ ತುದಿ ತಿರುವಿದ.

"ನನಕಿಂತ ಮೊದಲು ಹಾಡಾವ್ರು ಸ್ವಲ್ಪ... ಸುಮಾರು ಇರಬೇಕ್ರಿ."

"ಸುಮಾರು ಅಂದ್ರ?"

"ಧ್ವನಿ ಅಷ್ಟಕ್ಕಷ್ಟ ಇದ್ರ ಸಾಕ್ರಿ. ಅವರಾದ ಮ್ಯಾಲೆ ನಾ ಕೂತ್ರ ಮಂದಿಗೆ ಭಾಳ ಚಂದ ಕೇಳಸ್ತೈತಿ."

ಈ ಆಸೆ ಎಲ್ಲ ಗಾಯಕರಿಗೂ ಇರುತ್ತದೆ. ಬಾಯಿಬಿಟ್ಟು ಹೇಳಿದವನು ಇವನೊಬ್ಬನೇ ಎಂದು ನಾನು ಬೇಕಾದರೆ ಆಣೆ ಮಾಡುತ್ತೇನೆ. ನನ್ನ ಆಣೆಗೆ ಊರಲ್ಲಿ ಎಷ್ಟು ಬೆಲೆಯಿದೆಯೋ ಅಷ್ಟೇ ನಂಬಿ.

ಗುರುಗಳು ಸಿಟ್ಟಾಗಲಿಲ್ಲ.

"ಹುಡುಕೋಣಂತ," ಎಂದರು.

ಹೊಳೆ ಇಳಿಯಿತು. ಮರಳಿನ ಮೇಲೆ ಚಪ್ಪರ ಎದ್ದಿತು.

"ಹಲಗಿ ತಾ, ಫಕೀರಾ. ಸುಣ್ಣದ ಕಡ್ಡಿ ತಾ. ಬರಕೋ."

ಉತ್ಸವದ ಕಾರ್ಯಕ್ರಮವನ್ನು ಹಲಗೆಯ ಮೇಲೆ ಬರೆದು ಮಠದ ಬಾಗಿಲಿಗೆ ತೂಗುಹಾಕುವುದು ಅಲ್ಲಿಯ ರೂಢಿ. ಗುರುಗಳು ಹೇಳುತ್ತ ಹೋದರು, ಫಕೀರೇಶ ಬರೆಯುತ್ತ ಹೋದ. ಮೊದಲ ಸಂಜೆ ಮುಗಿಯಿತು, ಅವನ ಹೆಸರಿಲ್ಲ. ನಡುವಿನ ಸಂಜೆಗಳೂ ಮುಗಿದವು.

"ಕಡೇ ಸಂಜಿ. ಕಡೀಕ ಹಾಡಾಂವ ಫಕೀರೇಶ."

ಅದೊಂದು ಹೆಸರು ಹಲಗೆಯ ಮೇಲೆ ತುಸು ದಪ್ಪವಾಗಿಯೇ ಮೂಡಿತು.

"ಅವನಕಿಂತ ಮೊದಲು, ಅಡಿವೆಯ್ಯ."

ಸುಣ್ಣದ ಕಡ್ಡಿ ಮುರಿಯಿತು.

"ಯಾವ ಅಡಿವೆಯ್ಯರಿ?"

"ನಾನು."

"ನೀವು ಹಾಡಾಂಗಿಲ್ಲಲ್ಲರಿ."

"ಏನು ಮಾಡಲಿ? ಊರೂರು ಹುಡುಕಿಸಿದೆ. ನನಕಿಂತ ಒಡಕ ಧ್ವನಿ ಎಲ್ಲೂ ಸಿಗಲಿಲ್ಲ."

ಫಕೀರೇಶ ಕಾಲು ಹಿಡಿದುಕೊಂಡ.

"ತಪ್ಪಾತ್ರಿ ಅಜ್ಜಾರ. ಬ್ಯಾಡ್ರಿ. ಮಂದಿ ನಗ್ತಾರ."

"ನಗಲಿ. ನಿನಗ ಅನುಕೂಲ."

"ನನ್ನ ಹೆಸರು ಅಳಸಿಬಿಡ್ರಿ."

"ಕಾಲು ಬಿಡು. ಹಲಗಿ ಬಾಗಲಕ ಹಾಕು."

ಆಮೇಲಿನ ದಿನಗಳಲ್ಲಿ ಫಕೀರೇಶನಿಗೆ ನಿದ್ದೆ ಹತ್ತಲಿಲ್ಲ. ಗುರುಗಳ ಮಾನ ಹೋದೀತೆಂದು ಹೆದರಿದ್ದೋ ತನ್ನ ಕಛೇರಿ ಕೆಟ್ಟೀತೆಂದು ಹೆದರಿದ್ದೋ ಅವನಿಗೇ ಗೊತ್ತಾಗಲಿಲ್ಲ. ಒಮ್ಮೊಮ್ಮೆ, ಮಂದಿ ನಕ್ಕರೆ ತನಗೆ ಒಳ್ಳೆಯದೇ ಅಲ್ಲವೇ ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ತಾನೇ ನಾಚಿ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡ.

ಕಡೆಯ ಸಂಜೆ ಬಂತು.

ಗುರು ಹಾಡುವಾಗ ಶಿಷ್ಯ ತಂಬೂರಿ ಹಿಡಿದು ಹಿಂದೆ ಕೂರಬೇಕು. ಗುರುವಿನ ಉಸಿರು ಸಾಲದಾದ ಕಡೆ ಶಿಷ್ಯ ಆ ಸ್ವರವನ್ನು ಎತ್ತಿಕೊಂಡು ನಡೆಸಬೇಕು. ಇದು ಹಿಂದಿನಿಂದ ಬಂದ ಕ್ರಮ. ಫಕೀರೇಶ ಹಿಂದೆ ಕೂತ. ಅರ್ಧ ಧ್ವನಿಯಲ್ಲಿ ಸುಧಾರಿಸೋಣ, ಉಳಿದದ್ದು ನನ್ನ ಹಾಡಿಗೆ ಬೇಕು ಎಂದುಕೊಂಡ.

ಗುರುಗಳು ಕಣ್ಣು ಮುಚ್ಚಿ ಹಾಡು ತೆಗೆದರು. ಪೂರಿಯಾ.

ಒಬ್ಬರು ಹಾಡಿದ ರಾಗವನ್ನು ಅದೇ ಸಂಜೆ ಇನ್ನೊಬ್ಬರು ಹಾಡುವಂತಿಲ್ಲ. ಫಕೀರೇಶ ಮುಂದೆ ಬಾಗಿ ಪಿಸುಗುಟ್ಟಿದ.

"ಅಜ್ಜಾರ, ಅದು ನನ್ನ ರಾಗರಿ."

ಗುರುಗಳು ಹಿಂದೆ ತಿರುಗಲಿಲ್ಲ.

"ಯಾರು ಕೊಟ್ಟಿದ್ರು?"

ಕೆಳಗಿನ ಸ್ವರಗಳಲ್ಲಿ ಗುರುಗಳ ಧ್ವನಿ ನಿಧಾನ ನಡೆಯಿತು. ಹಳೆಯ ಮನೆಯಲ್ಲಿ ಕತ್ತಲಲ್ಲೂ ದಾರಿ ಗೊತ್ತಿದ್ದವರ ನಡಿಗೆ ಅದು. ಆಮೇಲೆ ಮೇಲೇರಿತು. ಮೇಲಿನ ಷಡ್ಜ ಮುಟ್ಟುವಲ್ಲಿ ಬಾವಿಯ ರಾಟೆಯ ಹಾಗೆ ಕಿರ್ ಎಂದು ಒಡೆಯಿತು.

ಮರಳಿನ ಮೇಲೆ ಯಾರೋ ನಕ್ಕರು.

ಫಕೀರೇಶ ಅರ್ಧ ಧ್ವನಿ ಕೊಟ್ಟ. ಅದು ಚಪ್ಪರದ ಕಂಬವನ್ನೂ ದಾಟಲಿಲ್ಲ.

ಗುರುಗಳು ಮತ್ತೆ ಏರಿದರು. ಮತ್ತೆ ಅಲ್ಲೇ ಒಡೆಯಿತು. ಈ ಸಲ ಅವರು ಕೆಳಗಿಳಿಯಲಿಲ್ಲ. ಪಾಠದಲ್ಲಿ ಎತ್ತುವ ಹಾಗೆ ಕೈ ಎತ್ತಿದರು, ಎತ್ತಿಯೇ ಕೂತರು.

ಆ ಕೈಯನ್ನು ಫಕೀರೇಶ ದಿನಾ ನೋಡಿದವನು. ಆ ಕೈಗೆ ಅರ್ಧ ಧ್ವನಿ ಕೊಟ್ಟು ಅವನಿಗೆ ಅಭ್ಯಾಸವಿರಲಿಲ್ಲ.

ಮಫ್ಲರ್ ಕಿತ್ತೆಸೆದ. ಇದ್ದಬದ್ದ ಧ್ವನಿಯನ್ನೆಲ್ಲ ಆ ಷಡ್ಜಕ್ಕೆ ಸುರಿದ.

ಅಲ್ಲಿಂದ ಮುಂದೆ ಗುರು ಕೆಳಗಿನಿಂದ ಕಟ್ಟಿಕೊಂಡು ಬರುವರು, ಶಿಷ್ಯ ಅಲ್ಲಿಂದ ಮೇಲಕ್ಕೆ ಒಯ್ಯುವನು. ತಿಂಗಳುಗಟ್ಟಲೆ ಉಜ್ಜಿದ ರಾಗದಲ್ಲಿ ತಾನು ಕಾಣದೇ ಇದ್ದ ಓಣಿಗಳಿವೆಯಲ್ಲ ಎಂದು ಫಕೀರೇಶನಿಗೆ ಬೆರಗು. ಗುರುಗಳು ಒಂದೊಂದರ ಬಾಯಿಗೂ ಅವನನ್ನು ತಂದು ಬಿಡುತ್ತಿದ್ದರು. ಒಳಗೆ ಹೊಕ್ಕು ಬರುವುದು ಅವನ ಕೆಲಸ. ತನ್ನ ಕಛೇರಿ ಇನ್ನೂ ಬಾಕಿಯಿದೆ ಎಂಬುದೇ ಅವನಿಗೆ ಮರೆತುಹೋಯಿತು.

ಮಲಗಿದ್ದ ಒಬ್ಬಾತ ಎದ್ದು ಕೂತ. ಮಗ್ಗುಲಲ್ಲಿದ್ದವನು ಎದ್ದ. ಆಮೇಲೆ ಮರಳಿನ ತುಂಬ ಮಂದಿ ಎದ್ದು ಕೂತರು. ಹೊಳೆಯೇ ಎದ್ದು ಕೂತಿತ್ತು ಎಂದೂ ಹೇಳುವವರಿದ್ದಾರೆ. ನಾನು ನಂಬುವುದಿಲ್ಲ, ಆದರೆ ಹೇಳದೆ ಬಿಡಲು ಮನಸ್ಸಿಲ್ಲ.

ಹಾಡು ಮುಗಿಯಿತು. ಮಠದವರೊಬ್ಬರು ಎದ್ದು, "ಈಗ ಫಕೀರೇಶ ಹಾಡ್ತಾರ," ಎಂದರು.

ಫಕೀರೇಶ ಗುರುಗಳತ್ತ ಬಾಗಿದ.

"ಅಜ್ಜಾರ, ಧ್ವನಿ ಹೋತ್ರಿ." ಆ ಮಾತೇ ಗೊಗ್ಗರಾಗಿ ಬಂತು.

"ಹೌದು. ಕೇಳಸ್ತು."

"ರಾಗಾನೂ ಹೋತ್ರಿ. ಏನು ಹಾಡ್ಲಿ?"

"ಯಮನ್ ಹಾಡು."

"ಅದು ಎಲ್ಲಾರೂ ಮೊದಲಿಗೆ ಕಲಿಯೋದ್ರಿ."

"ಹಂಗಾರ ಮರತಿರಾಂಗಿಲ್ಲ."

ಗುರುಗಳು ಎದ್ದರು. ಅವನ ಕೈಯಿಂದ ತಂಬೂರಿ ತೆಗೆದುಕೊಂಡರು. ಅವನನ್ನು ಮುಂದಕ್ಕೆ ತಳ್ಳಿ, ಶಿಷ್ಯ ಕೂತಿದ್ದ ಜಾಗದಲ್ಲಿ ತಾವು ಕೂತರು.

ಫಕೀರೇಶ ಮುಂದೆ ಕೂತ. ಬಾಯಿ ತೆರೆದ, ಮುಚ್ಚಿದ. ಹಿಂದಕ್ಕೆ ತಿರುಗಿದಾಗ ಅವನ ಕಣ್ಣಲ್ಲಿ ನೀರಿತ್ತು.

"ಮ್ಯಾಲೆ ಹೋಗಾಕ ಆಗಲಿಲ್ಲಂದ್ರರಿ?"

"ಹಿಂದ ನಾ ಅದೀನಲ್ಲ."

"ನಿಮ್ಮ ಧ್ವನೀನೂ ಒಡದ್ರ?"

ಗುರುಗಳು ತಂಬೂರಿಯ ತಂತಿ ಮೀಟಿದರು.

"ಒಡದದ್ದು ಮತ್ತೇನು ಒಡಿತೈತಿ. ಷಡ್ಜ ಹಿಡಿ."