ಎರಡು ಗಡಿಯಾರ, ಒಂದು ಕೈ

"ಚೆಂದದ ವಸ್ತು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ?" ಎಂದು ಸಿರಿಹೊಳೆ ಸಂಸ್ಥಾನದ ದೊರೆ ಗೋಪಾಲರಾಜರು ಬೆಳಿಗ್ಗೆಯೇ ಜಂಬ ಕೊಚ್ಚಿದ್ದರು. ಮಧ್ಯಾಹ್ನ ಕಳೆದರೂ ಆರಿಸಿ ಮುಗಿದಿರಲಿಲ್ಲ.

ಅವರ ಮುಂದೆ ಎರಡು ಸ್ವಿಸ್ ಕೈಗಡಿಯಾರಗಳು. ಒಂದು ದೊರೆಯ ಅಕ್ಕ ಪುಟ್ಟಮ್ಮಣ್ಣಿಯವರ ಉಡುಗೊರೆ, ಇನ್ನೊಂದು ರಾಣಿಯ ಅಣ್ಣ ಬೆಟ್ಟದರಾಜರದು. ಕೊಟ್ಟವರಿಬ್ಬರೂ ಎದುರಿಗೇ ಕೂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು.

"ಇದರ ಮುಳ್ಳು ನೀಲಿ, ಅದರದು ಚಿನ್ನ. ಇದಕ್ಕೆ ಅಂಕಿ, ಅದಕ್ಕೆ ಬರೀ ಗೀಟು. ಆಹಾ, ಈ ಸಣ್ಣ ಮುಳ್ಳು ಎಷ್ಟು ಗಾಂಭೀರ್ಯದಿಂದ ನಿಂತಿದೆ!" ಎಂದರು ದೊರೆ.

"ಅದರದೂ ಹಾಗೇ ನಿಂತಿದೆ, ಭಾವ," ಎಂದರು ಬೆಟ್ಟದರಾಜರು, ಬಿಟ್ಟುಕೊಡದೆ.

ದೊರೆ ಏಳದೆ ದರ್ಬಾರಿನಲ್ಲಿ ಯಾರೂ ಊಟಕ್ಕೆ ಏಳುವಂತಿಲ್ಲ. ಅಡುಗೆಮನೆಯಿಂದ ಹುಳಿಯ ಒಗ್ಗರಣೆ ಘಮ್ಮೆನ್ನುತ್ತಿತ್ತು. ಅರಮನೆಯ ಅಧಿಕಾರಿ, ಮುದುಕರಾದ ಬಕ್ಷಿಗಳಿಗೆ ಹಸಿವಿನಿಂದ ಕಣ್ಣಿಗೆ ಕತ್ತಲೆ ಬರುತ್ತಿತ್ತು, ಪಾಪ.

ಕೊನೆಗೆ ದೊರೆ ವಿದೂಷಕ ಸೂರಪ್ಪನ ಕಡೆ ತಿರುಗಿದರು. "ನೀನು ಹೇಳು. ಒಂದು ಹೆಚ್ಚು ಎನ್ನಬೇಕು, ಇನ್ನೊಂದು ಕಡಿಮೆ ಎನ್ನಬಾರದು. ತಪ್ಪಿದೆಯೋ, ಇವತ್ತೇ ಗಂಟುಮೂಟೆ ಕಟ್ಟು!"

ಸೂರಪ್ಪ ತಲೆ ಕೆರೆದುಕೊಂಡ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಮೆಲ್ಲಗೆ ಹತ್ತಿರ ಬಂದು ಎರಡನ್ನೂ ಬಗ್ಗಿ ನೋಡಿದ. ಮುಖ ಅರಳಿತು.

"ರಾಹುಕಾಲದಲ್ಲಿ ತೀರ್ಪು ಹೇಳಬಾರದು, ಮಹಾಸ್ವಾಮಿ. ಈಗ ಗಂಟೆ ಎಷ್ಟು?"

"ಹತ್ತೂ ಹತ್ತು."

"ಆ ಗಡಿಯಾರದಲ್ಲಿ?"

"ಅದರಲ್ಲೂ ಹತ್ತೂ ಹತ್ತು! ನೋಡಿದೆಯಾ, ಎಂಥ ಹೊಂದಾಣಿಕೆ!"

"ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಎಷ್ಟಿತ್ತು?"

"ಹತ್ತೂ..." ದೊರೆ ತಡವರಿಸಿದರು. ಎರಡನ್ನೂ ಕಿವಿಗೆ ಹಿಡಿದು ನೋಡಿದರು. ಒಂದರಲ್ಲೂ ಟಿಕ್ ಎನ್ನುವ ಸದ್ದಿಲ್ಲ.

"ಯಾರೂ ಕೀ ಕೊಟ್ಟಿಲ್ಲವೇನೋ?" ಎಂದು ಗುಡುಗಿದರು.

"ಯಾರು ಕೊಡಬೇಕು, ಬುದ್ಧಿ? ದೊರೆಗೆ ಬಂದ ಉಡುಗೊರೆಯನ್ನು ದೊರೆಗಿಂತ ಮೊದಲು ಯಾರೂ ಬಳಸಬಾರದು ಅನ್ನೋದು ಅರಮನೆಯ ಪದ್ಧತಿ. ತಮಗೆ ಜೋಡು ತೊಡಿಸೋಕೆ ಒಬ್ಬ, ಗುಂಡಿ ಹಾಕೋಕೆ ಒಬ್ಬ. ತಮ್ಮ ಕೈಯಾರೆ ಏನನ್ನೂ ತಿರುಗಿಸಿ ತಮಗೆ ಅಭ್ಯಾಸವಿಲ್ಲ. ಪಾಪ, ಗಡಿಯಾರಗಳು ಏನು ಮಾಡಬೇಕು?"

ಪುಟ್ಟಮ್ಮಣ್ಣಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬೆಟ್ಟದರಾಜರು ಸುಮ್ಮನೆ ಕೆಮ್ಮಿದರು.

ದೊರೆಯ ಮುಖ ಕೆಂಪೇರಿತು. "ನಿನ್ನ ಹರಟೆ ಸಾಕು! ಕೇಳಿದ್ದಕ್ಕೆ ಉತ್ತರ ಎಲ್ಲಿ? ಯಾವುದು ಹೆಚ್ಚು?"

ಸೂರಪ್ಪ ಕೈ ಮುಗಿದ.

"ತಾವು ಯಾವುದಕ್ಕೆ ಕೀ ಕೊಡುತ್ತೀರೋ ಅದೇ ಹೆಚ್ಚು, ಮಹಾಸ್ವಾಮಿ. ಹಾಗಂತ ಇನ್ನೊಂದು ಕಡಿಮೆಯಲ್ಲ. ಅದು ತಮ್ಮ ಅಪ್ಪಣೆಗೆ ಕಾಯುತ್ತಾ ಬಾಯಿ ಮುಚ್ಚಿಕೊಂಡು ಕೂತಿದೆ, ಅಷ್ಟೇ. ಊಟಕ್ಕೆ ಕಾಯುತ್ತಾ ನಾವು ಕೂತಿಲ್ಲವೇ, ಹಾಗೆ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಎದ್ದು ನಿಂತರು.

ಅವರು ಎದ್ದದ್ದೇ ತಡ, ಎಲ್ಲರಿಗಿಂತ ಮೊದಲು ಬಾಗಿಲು ದಾಟಿದವರು ಬಕ್ಷಿಗಳು.